ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಆಶುತ್ವ: ಸ್ವರೂಪ ಮತ್ತು ಪಠ್ಯದ ಪ್ರಶ್ನೆ

ಯಕ್ಷಗಾನವನ್ನು ಕುರಿತ ಕನ್ನಡ ಸಂಶೋಧನೆಯು ಪ್ರಸಂಗ ಸಾಹಿತ್ಯಕ್ಕೆ ನೀಡಿದಷ್ಟು ಗಮನವನ್ನು ಯಕ್ಷಗಾನದ ಮಾತಿಗೆ ನೀಡಿಲ್ಲ. ಪ್ರಸಂಗಕರ್ತೃವಿನ ಕಾಲದೇಶ, ಹಸ್ತಪ್ರತಿಗಳ ಪಾಠಾಂತರ, ಛಂದಸ್ಸು ಮತ್ತು ಮಟ್ಟುಗಳು, ಮೂಲಕಥೆಯಿಂದ ಆದ ವ್ಯತ್ಯಾಸ, ಇವೆಲ್ಲ ಕನ್ನಡ ವಿದ್ವತ್ತು ಹಿಂದಿನಿಂದಲೂ ನಡೆದು ಬಂದ ದಾರಿಗಳು. ಪಾರ್ತಿಸುಬ್ಬನ ಕಾಲ ಮತ್ತು ಕರ್ತೃತ್ವದ ಬಗೆಗೆ ನಡೆದ ಚರ್ಚೆಯೊಂದೇ ಸಾಕಷ್ಟು ವಿಸ್ತಾರವಾದುದು. ಪ್ರಸಂಗವು ಬರಹದಲ್ಲಿದೆ, ಅಚ್ಚಾಗಿದೆ, ಸಂಪಾದನೆಗೆ ಒದಗುತ್ತದೆ. ಆದ್ದರಿಂದ ಅದನ್ನೇ ಯಕ್ಷಗಾನದ ಪಠ್ಯವೆಂದು ಸ್ವೀಕರಿಸುವುದು ಸಹಜವೆಂಬಂತೆ ನಡೆದುಬಂದಿದೆ.

ಆದರೆ ತಾಳಮದ್ದಳೆಯ ಕೂಟವೊಂದರಲ್ಲಿ ಕುಳಿತು ಕೇಳಿದವರಿಗೆ ಈ ಸ್ವೀಕಾರವು ಅಪೂರ್ಣವಾಗಿ ತೋರುತ್ತದೆ. ಬಾಣದ ಪೆಟ್ಟಿಗೆ ಬಿದ್ದ ವಾಲಿಯು ರಾಮನನ್ನು ಆಕ್ಷೇಪಿಸುವ ಸನ್ನಿವೇಶ ಪ್ರಸಂಗದ ಪುಸ್ತಕದಲ್ಲಿ ಕೆಲವೇ ಪದ್ಯಗಳಲ್ಲಿ ಮುಗಿಯುತ್ತದೆ. ಕೂಟದಲ್ಲಿ ಅದೇ ಸನ್ನಿವೇಶ ಒಂದು ಗಂಟೆಯನ್ನೂ ಮೀರಿ ಬೆಳೆಯಬಲ್ಲುದು. ಆ ಒಂದು ಗಂಟೆಯ ಮಾತನ್ನು ಯಾರೂ ಬರೆದುಕೊಟ್ಟಿರುವುದಿಲ್ಲ. ಅದೇ ಅರ್ಥಧಾರಿಗಳು ಅದೇ ಪ್ರಸಂಗವನ್ನು ಮರುದಿನ ನಡೆಸಿದರೂ ಅದು ಹಾಗೆಯೇ ಮರಳಿ ಬರುವುದಿಲ್ಲ. ಕೇಳುಗರು ಬಂದಿರುವುದು ಮುಖ್ಯವಾಗಿ ಆ ಮಾತಿಗಾಗಿ. ಡಾ. ಎಂ. ಪ್ರಭಾಕರ ಜೋಶಿಯವರಂತೆ ಸ್ವತಃ ಅರ್ಥಧಾರಿಗಳೂ ಆಗಿರುವ ವಿದ್ವಾಂಸರು ಈ ಕ್ಷೇತ್ರದಲ್ಲಿ ಮಹತ್ವದ ಕೆಲಸ ಮಾಡಿದ್ದಾರೆ. ಅಂತಹ ಪ್ರಯತ್ನಗಳನ್ನು ಬಿಟ್ಟರೆ, ಈ ಆಶುಭಾಷಣವು ಹೇಗೆ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಸಾಹಿತ್ಯದ ಪ್ರಶ್ನೆಯಾಗಿ ಎತ್ತಿದ್ದು ಕಡಿಮೆ. ಅರ್ಥಗಾರಿಕೆಯನ್ನು ಕಲಾವಿದನೊಬ್ಬನ ವಾಗ್ಮಿತೆಯೆಂದು ಹೊಗಳಿ ಮುಂದೆ ಸಾಗುವುದೇ ಹೆಚ್ಚು.

ತಾಳಮದ್ದಳೆಯ ರಚನೆ ಸರಳವಾದುದು. ವೇಷವಿಲ್ಲ, ಕುಣಿತವಿಲ್ಲ, ರಂಗಸಜ್ಜಿಕೆಯಿಲ್ಲ. ಭಾಗವತರು ಮತ್ತು ಚೆಂಡೆ ಮದ್ದಳೆಯ ಹಿಮ್ಮೇಳ. ಎರಡು ಬದಿಗಳಲ್ಲಿ ಇದಿರುಬದಿರಾಗಿ ಕುಳಿತ ಅರ್ಥಧಾರಿಗಳು. ಭಾಗವತರು ಪದ್ಯವನ್ನು ಹಾಡುತ್ತಾರೆ, ಪಾತ್ರ ವಹಿಸಿದವರು ಅದಕ್ಕೆ ‘ಅರ್ಥ’ ಹೇಳುತ್ತಾರೆ. ಕರಾವಳಿಯಲ್ಲಿ ಬಯಲಾಟದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದ ಉದ್ದಕ್ಕೂ ಕೂಟಗಳು ನಡೆಯುವುದು ಹಿಂದಿನಿಂದ ಬಂದ ರೂಢಿ. ಉತ್ತರ ಕನ್ನಡ ಮತ್ತು ಮಲೆನಾಡಿನ ಭಾಗಗಳಲ್ಲಿಯೂ ಈ ಪ್ರಕಾರ ಬೇರುಬಿಟ್ಟಿದೆ. ಬಳ್ಳಾರಿ ಸೀಮೆಯ ಕುರುಗೋಡಿನ 1556ರ ಶಾಸನದಲ್ಲಿ ತಾಳಮದ್ದಳೆಯ ಉಲ್ಲೇಖವಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಅಲ್ಲಿ ಹೇಳಿರುವುದು ಇಂದಿನಂತೆ ಅರ್ಥಸಹಿತವಾದ ಕೂಟವೇ ಎಂಬುದನ್ನು ಶಾಸನದ ಮಾತಿನಿಂದಷ್ಟೇ ನಿರ್ಣಯಿಸಲು ಬಾರದು.

ಆಶುತ್ವದ ಬಗೆಗಿನ ರೂಢಿಯ ಕಲ್ಪನೆ

ಕನ್ನಡದಲ್ಲಿ ಆಶುತ್ವದ ಮಾತು ಬಂದಾಗಲೆಲ್ಲ ಕವಿರಾಜಮಾರ್ಗವನ್ನು ಎಳೆದು ತರುವುದು ವಾಡಿಕೆ. ವಿಧಿವತ್ತಾಗಿ ಓದದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದವರು ಈ ನಾಡಿನ ಜನರೆಂಬ ಆ ಪ್ರಸಿದ್ಧ ಪ್ರಶಂಸೆ ವೇದಿಕೆಯ ಭಾಷಣಗಳಲ್ಲಿ ಸವೆದುಹೋಗಿದೆ. ಅದರ ಪರಿಣಾಮವಾಗಿ ಆಶುತ್ವವೆಂದರೆ ಸಹಜವಾದ ವರ, ಸಿದ್ಧತೆಯಿಲ್ಲದ ಸ್ಫೂರ್ತಿ ಎಂಬ ಭಾವನೆ ಗಟ್ಟಿಯಾಗಿದೆ. ಅರ್ಥಗಾರಿಕೆಯ ವಿಷಯದಲ್ಲಿ ಈ ಭಾವನೆ ನಿಲ್ಲುವುದಿಲ್ಲ. ಹೆಸರಾಂತ ಅರ್ಥಧಾರಿಗಳು ಓದಿನಲ್ಲಿ ಮುಳುಗಿದವರು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹರಿಕಥೆಯಲ್ಲಿಯೂ ದುಡಿದವರು. ದೇರಾಜೆ ಸೀತಾರಾಮಯ್ಯನವರು (1914-1984) ಗ್ರಂಥಕರ್ತರೂ ಆಗಿದ್ದವರು. ಕುಮಾರವ್ಯಾಸ, ಲಕ್ಷ್ಮೀಶ, ತೊರವೆ ರಾಮಾಯಣಗಳ ಪದ್ಯಗಳು ವಿಶ್ವವಿದ್ಯಾಲಯದ ತರಗತಿಯ ಹೊರಗೆ ಇಷ್ಟೊಂದು ಜೀವಂತವಾಗಿ ಬಳಕೆಯಾಗುವ ಇನ್ನೊಂದು ಸ್ಥಳವನ್ನು ತೋರಿಸುವುದು ಕಷ್ಟ. ಗಮಕವೊಂದನ್ನು ಇದಕ್ಕೆ ಅಪವಾದವಾಗಿ ಹೇಳಬಹುದು.

ಹಾಗಿದ್ದರೆ ಅರ್ಥಗಾರಿಕೆಯಲ್ಲಿ ಆಶುವಾದುದು ಯಾವುದು? ಕಥೆ ಆಶುವಲ್ಲ, ಪದ್ಯ ಆಶುವಲ್ಲ, ಪಾತ್ರದ ಸ್ವಭಾವವೂ ಬಹುಮಟ್ಟಿಗೆ ಪರಂಪರೆಯಿಂದ ಬಂದುದು. ಅರ್ಥಧಾರಿ ಬಳಸುವ ದೃಷ್ಟಾಂತಗಳೂ ವಾದದ ಎಳೆಗಳೂ ಅನೇಕ ವೇಳೆ ಅವನ ಸಂಗ್ರಹದಲ್ಲಿ ಮೊದಲೇ ಇರುವಂಥವು. ಪ್ರವೇಶದ ಪೀಠಿಕೆಯನ್ನಂತೂ ಹಲವರು ಬಹುಪಾಲು ಸಿದ್ಧವಾಗಿಯೇ ಇಟ್ಟುಕೊಂಡಿರುತ್ತಾರೆ. ಇದನ್ನು ದೋಷವೆನ್ನಬೇಕಾಗಿಲ್ಲ. ಆಶುತ್ವವು ನೆಲೆಸಿರುವುದು ಸಾಮಗ್ರಿಯ ಹೊಸತನದಲ್ಲಿ ಅಲ್ಲ. ಇದ್ದ ಸಾಮಗ್ರಿಯನ್ನು ಇದಿರು ಅರ್ಥಧಾರಿಯ ಆ ಕ್ಷಣದ ಮಾತಿಗೆ ಕಟ್ಟುವುದರಲ್ಲಿ. ಅಂದರೆ ಅದರ ಘಟಕ ಒಬ್ಬನ ಭಾಷಣವಲ್ಲ, ಇಬ್ಬರ ನಡುವಿನ ಮಾತು ಮತ್ತು ಮರುಮಾತು.

ಪದ್ಯದ ಹಂಗು

ಕರ್ನಾಟಕ ಸಂಗೀತದ ಮನೋಧರ್ಮದೊಂದಿಗೆ ಹೋಲಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಆಲಾಪನೆಯಲ್ಲಿ ಗಾಯಕನಿಗೆ ಸಾಹಿತ್ಯದ ಕಟ್ಟಿಲ್ಲ, ತಾಳದ ಕಟ್ಟೂ ಇಲ್ಲ, ರಾಗದ ಮೇರೆಯೊಂದೇ. ನೆರವಲಿನಲ್ಲಿ ಹಾಗಲ್ಲ. ಕೃತಿಯ ಒಂದು ಸಾಲನ್ನು ಹಿಡಿದು, ಅಕ್ಷರಗಳು ತಾಳದಲ್ಲಿ ತಮ್ಮ ಸ್ಥಾನದಿಂದ ತೀರ ಚದುರದಂತೆ, ಗಾಯಕನು ಅದನ್ನು ಬಗೆಬಗೆಯಾಗಿ ವಿಸ್ತರಿಸಬೇಕು. ಅರ್ಥಗಾರಿಕೆ ನೆರವಲಿಗೆ ಹತ್ತಿರವಾದುದು. ಭಾಗವತರು ಹಾಡಿದ ಪದ್ಯದ ಒಂದೊಂದು ಸೊಲ್ಲಿಗೂ ಮಾತಿನಲ್ಲಿ ಲೆಕ್ಕ ಒಪ್ಪಿಸಬೇಕಾಗುತ್ತದೆ. ಪದ್ಯದಲ್ಲಿ ‘ಅಣ್ಣ’ ಎಂಬ ಸಂಬೋಧನೆಯಿದ್ದರೆ ಅರ್ಥಧಾರಿ ಆ ಸಂಬೋಧನೆಯ ಮಮತೆಯನ್ನೋ ವ್ಯಂಗ್ಯವನ್ನೋ ವಿವರಿಸದೆ ಮುಂದೆ ಹೋಗುವಂತಿಲ್ಲ. ಭಾಗವತರು ಆಯ್ದ ರಾಗವೂ ಅವನನ್ನು ಕಟ್ಟುತ್ತದೆ. ಶೋಕದ ಛಾಯೆಯಲ್ಲಿ ಹಾಡಿದ ಪದ್ಯದ ಬೆನ್ನಿಗೆ ಕುಹಕದಿಂದ ಮಾತು ಆರಂಭಿಸಿದರೆ ಕೂಟ ಅಲ್ಲಿಯೇ ಒಡೆಯುತ್ತದೆ.

ನೆರವಲಿಗೂ ಅರ್ಥಕ್ಕೂ ಇರುವ ಅಂತರವೇ ಇಲ್ಲಿ ಮುಖ್ಯ. ನೆರವಲು ಹಾಡುವ ಗಾಯಕನನ್ನು ಪಿಟೀಲು ವಾದಕನು ಹಿಂಬಾಲಿಸುತ್ತಾನೆ, ಕೆಲವೊಮ್ಮೆ ಕೆಣಕುತ್ತಾನೆ, ವಿರೋಧಿಸುವುದಿಲ್ಲ. ತಾಳಮದ್ದಳೆಯಲ್ಲಿ ಇದಿರು ಕುಳಿತವನ ಕೆಲಸವೇ ವಿರೋಧಿಸುವುದು.

ವಾಲಿಯ ಪ್ರಶ್ನೆ

ವಾಲ್ಮೀಕಿಯ ಕಿಷ್ಕಿಂಧಾಕಾಂಡದ 17 ಮತ್ತು 18ನೆಯ ಸರ್ಗಗಳು ಈ ಸಂವಾದದ ಮೂಲ. ವಾಲಿ ಕೇಳುತ್ತಾನೆ: ನಿನಗೂ ನನಗೂ ವೈರವಿರಲಿಲ್ಲ, ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಿಂದ ಹೊಡೆದೆ, ಕಪಿಯ ಚರ್ಮ, ಮಾಂಸಗಳು ಯಾರ ಉಪಯೋಗಕ್ಕೂ ಬಾರವು, ಸೀತೆಗಾಗಿಯಾದರೆ ನನ್ನನ್ನು ಕೇಳಬಹುದಿತ್ತು, ರಾವಣನನ್ನು ಕಟ್ಟಿ ತಂದು ಒಪ್ಪಿಸುತ್ತಿದ್ದೆ. ರಾಮನ ಉತ್ತರದಲ್ಲಿ ಹಲವು ಎಳೆಗಳಿವೆ. ಈ ಭೂಮಿ ಇಕ್ಷ್ವಾಕುಗಳದು, ಭರತನ ಆಳ್ವಿಕೆಯಲ್ಲಿ ಧರ್ಮಪಾಲನೆ ನಮ್ಮ ಹೊಣೆ. ತಮ್ಮನ ಹೆಂಡತಿಯಾದ ರುಮೆಯನ್ನು ಇರಿಸಿಕೊಂಡುದಕ್ಕೆ ಇದು ದಂಡನೆ. ಸುಗ್ರೀವನಿಗೆ ಕೊಟ್ಟ ಮಾತು ಉಳಿಸಬೇಕು. ಅಲ್ಲದೆ ನೀನು ಶಾಖಾಮೃಗ; ಮೃಗವನ್ನು ಅರಸರು ಮರೆಯಿಂದಲೂ ಬೇಟೆಯಾಡುತ್ತಾರೆ.

ಈ ಉತ್ತರದಲ್ಲಿ ಒಂದು ಬಿರುಕಿದೆ. ವಾಲಿಯು ಮೃಗವಾದರೆ ತಮ್ಮನ ಹೆಂಡತಿಯ ವಿಷಯದಲ್ಲಿ ಅವನಿಗೆ ಮನುಷ್ಯಧರ್ಮದ ದಂಡನೆ ಸಲ್ಲದು. ಅವನು ಧರ್ಮಕ್ಕೆ ಬದ್ಧನಾದವನಾದರೆ ಬೇಟೆಯ ನ್ಯಾಯ ಸಲ್ಲದು. ಕಾವ್ಯದಲ್ಲಿ ಈ ಎಳೆಗಳು ಒಬ್ಬನ ಬಾಯಲ್ಲಿ ಒಂದರ ಹಿಂದೆ ಒಂದಾಗಿ ಬರುತ್ತವೆ, ವಾಲಿಯು ಕೊನೆಯವರೆಗೂ ಕೇಳಿ ಒಪ್ಪುತ್ತಾನೆ. ಕೂಟದಲ್ಲಿ ವಾಲಿಯು ಕೊನೆಯವರೆಗೂ ಸುಮ್ಮನಿರುವುದಿಲ್ಲ. ಆದುದರಿಂದ ರಾಮನ ಅರ್ಥಧಾರಿ ಯಾವ ಎಳೆಯನ್ನು ಮೊದಲು ಹಿಡಿಯುತ್ತಾನೆ ಎಂಬುದರ ಮೇಲೆ ಇಡೀ ಸನ್ನಿವೇಶದ ಗತಿ ನಿಂತಿದೆ. ಬೇಟೆಯ ಮಾತನ್ನು ಮೊದಲು ಎತ್ತಿದನೋ, ವಾಲಿ ತಾನು ಮೃಗವೆಂಬುದನ್ನು ಸಂತೋಷದಿಂದ ಒಪ್ಪಿಕೊಂಡು ರುಮೆಯ ಆರೋಪವನ್ನು ಅದು ಬರುವ ಮೊದಲೇ ನಿರರ್ಥಕಗೊಳಿಸುತ್ತಾನೆ. ಸುಗ್ರೀವನಿಗೆ ಕೊಟ್ಟ ಮಾತನ್ನು ಮುಂದಿಟ್ಟನೋ, ಇನ್ನೊಬ್ಬನ ಸಖ್ಯಕ್ಕಾಗಿ ನಿರಪರಾಧಿಯನ್ನು ಕೊಲ್ಲುವುದು ಯಾವ ಧರ್ಮವೆಂಬ ಪ್ರಶ್ನೆ ಕಾದಿರುತ್ತದೆ. ಭರತನ ಆಳ್ವಿಕೆಯ ಮಾತು ಬಂದರೆ, ಕಾಡಿಗೆ ಬಂದ ತಾಪಸನಿಗೆ ದಂಡಾಧಿಕಾರ ಕೊಟ್ಟವರಾರು ಎಂದು ಕೇಳಲು ಎಡೆಯಿದೆ. ನುರಿತ ರಾಮನಾದರೆ ಬೇಟೆಯ ಎಳೆಯನ್ನು ಹಿಂದಿಟ್ಟುಕೊಂಡು, ಧರ್ಮವನ್ನು ಬಲ್ಲವನೂ ಮೃಗದಂತೆ ನಡೆದರೆ ಎರಡೂ ಬಗೆಯ ದಂಡನೆಗೆ ಅರ್ಹನಾಗುತ್ತಾನೆ ಎಂದು ಆ ಬಿರುಕನ್ನೇ ತನ್ನ ವಾದವಾಗಿ ಮಾಡಿಕೊಳ್ಳಬಲ್ಲ. ಆಗ ವಾಲಿ ಹೊಸ ದಾರಿ ಹುಡುಕಬೇಕಾಗುತ್ತದೆ.

ಇಲ್ಲಿ ಬಳಕೆಯಾಗುವ ವಾದಗಳಲ್ಲಿ ಒಂದೂ ಹೊಸತಲ್ಲ. ಆಕರಗಳನ್ನು ಬಲ್ಲ ಕೇಳುಗನಿಗೆ ಎಲ್ಲವೂ ಗೊತ್ತಿರುವಂಥವೇ. ಆದರೂ ವಾಲಿಯ ಎರಡನೆಯ ಮಾತು ಯಾವುದಾಗಬೇಕೆಂಬುದನ್ನು ರಾಮನ ಮೊದಲ ಮಾತು ಮುಗಿಯುವವರೆಗೆ ಯಾರೂ ನಿರ್ಧರಿಸಲಾರರು. ಶೇಣಿಯವರ ವಾಲಿಯ ಪಾತ್ರ ಬಹುಕಾಲ ಜನಮನದಲ್ಲಿ ನಿಂತುದಕ್ಕೆ ಅವರ ತರ್ಕದ ಬಿಗಿಯನ್ನು ಕಾರಣವಾಗಿ ಹೇಳುತ್ತಾರೆ. ತರ್ಕವು ಎದುರಾಳಿಯ ಮಾತಿನಿಂದಲೇ ಹುಟ್ಟಿ ಬರುವಂತೆ ತೋರುತ್ತಿದ್ದುದನ್ನೂ ಅದರ ಜೊತೆಗೆ ಹೇಳಬೇಕು. ದೇರಾಜೆಯವರ ಕ್ರಮ ಬೇರೆ: ದೀರ್ಘ ಮಂಡನೆಗಿಂತ ಸಣ್ಣ ವಾಕ್ಯಗಳ ಸಂಭಾಷಣೆ, ನೇರ ಖಂಡನೆಗಿಂತ ಸೂಚನೆ. ಎರಡು ಶೈಲಿಗಳಲ್ಲಿ ಯಾವುದು ಹೆಚ್ಚು ಆಶು ಎಂದು ಕೇಳುವುದು ಪ್ರಯೋಜನಕಾರಿಯಲ್ಲ. ಎರಡಕ್ಕೂ ಬೇಕಾದುದು ಇದಿರಿನವನ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವ ಕಿವಿ.

ಸೋಲಬೇಕಾದ ಪಾತ್ರ

ವಾದವು ಎತ್ತ ಹೋದರೂ ಕಥೆ ಬದಲಾಗುವಂತಿಲ್ಲ. ವಾಲಿ ಸಾಯಲೇಬೇಕು. ಕೃಷ್ಣಸಂಧಾನದಲ್ಲಿ ಸಂಧಿ ಮುರಿಯಲೇಬೇಕು. ಆಶುತ್ವಕ್ಕೆ ಇರುವ ಅತ್ಯಂತ ಕಠಿಣವಾದ ಮಿತಿ ಇದು, ಅದರ ಸೂಕ್ಷ್ಮತೆ ತೋರುವುದೂ ಇಲ್ಲಿಯೇ. ಕೇಳುಗರ ಮನಸ್ಸಿನಲ್ಲಿ ಗೆದ್ದ ವಾಲಿಯು ಮಾತಿನ ಕೊನೆಯಲ್ಲಿ ರಾಮನಿಗೆ ಬಾಗಬೇಕು, ಬಾಗಿದುದು ನಂಬುವಂತಿರಬೇಕು. ವಾದದಲ್ಲಿ ಸೋತೆನೆಂದು ಒಪ್ಪಿದರೆ ಅಲ್ಲಿಯವರೆಗಿನ ಮಾತೆಲ್ಲ ಹುಸಿಯಾಗುತ್ತದೆ. ಒಪ್ಪದೆ ಸತ್ತರೆ ಪ್ರಸಂಗದ ಪದ್ಯಕ್ಕೆ ವಿರೋಧವಾಗುತ್ತದೆ. ಬಲ್ಲ ಅರ್ಥಧಾರಿಗಳು ಇದಕ್ಕೆ ಬೇರೆ ಬೇರೆ ಬಾಗಿಲುಗಳನ್ನು ಕಂಡುಕೊಳ್ಳುತ್ತಾರೆ. ಅಂಗದನ ಚಿಂತೆ ಅಂತಹ ಒಂದು ಬಾಗಿಲು: ತರ್ಕ ಹಾಗೆಯೇ ಉಳಿದು, ಮಗನನ್ನು ಒಪ್ಪಿಸಬೇಕಾದ ತಂದೆ ಮಾತಾಡತೊಡಗುತ್ತಾನೆ. ವಾಲ್ಮೀಕಿಯಲ್ಲಿಯೇ ಇದಕ್ಕೆ ಆಧಾರವಿದೆ.

ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗುತ್ತದೆ. ಈ ಬಾಗಿಲನ್ನು ತೆರೆಯುವುದು ಅನೇಕ ವೇಳೆ ಇದಿರು ಅರ್ಥಧಾರಿ. ರಾಮನು ತನ್ನ ಉತ್ತರದ ನಡುವೆ ಅಂಗದನ ಹೆಸರನ್ನು ಹೇಳಿ ಬಿಟ್ಟರೆ ಸಾಕು. ವಿರೋಧಿಯಾಗಿ ಕುಳಿತವನೇ ವಿರೋಧಕ್ಕೆ ಗೌರವದ ಕೊನೆಯನ್ನು ಒದಗಿಸುವ ಈ ಒಪ್ಪಂದವನ್ನು ಯಾವ ಪ್ರಸಂಗಪುಸ್ತಕವೂ ಸೂಚಿಸುವುದಿಲ್ಲ. ಇದು ಇಲ್ಲದ ಕೂಟಗಳೂ ಇವೆ. ಒಬ್ಬನು ಇನ್ನೊಬ್ಬನನ್ನು ಬಾಯಿಕಟ್ಟಿಸುವುದೇ ಗುರಿಯಾದಾಗ ಕಥೆ ನಿಂತುಹೋಗುತ್ತದೆ, ಪಾತ್ರಗಳು ಮರೆಯಾಗಿ ವ್ಯಕ್ತಿಗಳು ಹೊರಬರುತ್ತಾರೆ. ಅಂತಹ ಕೂಟಗಳಿಗೂ ಚಪ್ಪಾಳೆ ಬೀಳುತ್ತದೆ ಎಂಬುದು ಬೇರೆ ಮಾತು.

ಆ ಹೊತ್ತಿನಲ್ಲಿ ಭಾಗವತರ ಪಾತ್ರವು ಎದ್ದು ಕಾಣುತ್ತದೆ. ಸಾಮಾನ್ಯವಾಗಿ ಅರ್ಥಧಾರಿಯು ತನ್ನ ಮಾತಿನ ಕೊನೆಯಲ್ಲಿ ಮುಂದಿನ ಪದ್ಯಕ್ಕೆ ಎಡೆಮಾಡಿಕೊಡುತ್ತಾನೆ, ಭಾಗವತರು ಎತ್ತಿಕೊಳ್ಳುತ್ತಾರೆ. ಮಾತು ದಾರಿ ತಪ್ಪಿದಾಗ ಅಥವಾ ಹೊತ್ತು ಮೀರಿದಾಗ ಭಾಗವತರು ಆ ಎಡೆಗಾಗಿ ಕಾಯದೆ ಪದ್ಯವನ್ನು ಎತ್ತಬಲ್ಲರು. ಪದ್ಯ ಆರಂಭವಾದ ಮೇಲೆ ಯಾವ ಅರ್ಥಧಾರಿಯೂ ಮಾತು ಮುಂದುವರಿಸುವಂತಿಲ್ಲ. ಮಾತೇ ಪ್ರಧಾನವಾದ ಕಲೆಯಲ್ಲಿ ಕೊನೆಯ ಅಧಿಕಾರ ಮಾತಾಡದವರ ಕೈಯಲ್ಲಿದೆ.

ಭಾಷೆಯ ಕಟ್ಟು

ಅರ್ಥಗಾರಿಕೆಯ ಭಾಷೆ ಯಾರ ಮನೆಯ ಮಾತೂ ಅಲ್ಲ. ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಮೊದಲಾದವುಗಳನ್ನು ಮನೆಯಲ್ಲಿ ಆಡುವವರು ಕೂಟದಲ್ಲಿ ಕುಳಿತೊಡನೆ ವ್ಯಾಕರಣಬದ್ಧವಾದ ಗ್ರಂಥಸ್ಥ ಕನ್ನಡಕ್ಕೆ ಹೊರಳುತ್ತಾರೆ. ಇಂಗ್ಲಿಷ್ ಪದವೊಂದು ಬಾಯಿತಪ್ಪಿ ಬಂದರೂ ಅದು ದೋಷವೆಂದೇ ಎಣಿಕೆ. ಹಾಸ್ಯಪಾತ್ರಗಳಿಗೆ ಕೊಂಚ ವಿನಾಯಿತಿಯಿದೆ; ಬಪ್ಪನಾಡು ಕ್ಷೇತ್ರಮಹಾತ್ಮೆಯ ಬಪ್ಪಬ್ಯಾರಿಯಂತಹ ಪಾತ್ರಗಳ ಮಾತಿನ ಬನಿಯೇ ಬೇರೆ. ಆಡುಮಾತಿನಲ್ಲಿ ಆಶುವಾಗಿ ವಾದಿಸುವುದು ಒಂದು ಬಗೆ. ಕಲಿತ ಭಾಷೆಯಲ್ಲಿ ತಡವರಿಸದೆ ವಾದಿಸುವುದು ಇನ್ನೊಂದು. ಕುಂಬಳೆ ಸುಂದರರಾಯರು ಆ ಭಾಷೆಯಲ್ಲಿ ಪ್ರಾಸವನ್ನೂ ಸುಲಲಿತವಾಗಿ ಹೊಂದಿಸುತ್ತ ಮಾತು ಕಟ್ಟುತ್ತಿದ್ದುದನ್ನು ಕೇಳಿದವರು ಬಲ್ಲರು. ಗಡಿಭಾಗದ ಕಾಸರಗೋಡಿನಿಂದ ಹಿಡಿದು ಕರಾವಳಿಯ ಉದ್ದಕ್ಕೂ, ಶಾಲೆಯ ಕನ್ನಡಕ್ಕೆ ಸಮಾನಾಂತರವಾಗಿ ಇನ್ನೊಂದು ಕನ್ನಡ ಶಿಕ್ಷಣ ಈ ಕೂಟಗಳಲ್ಲಿ ನಡೆದಿದೆ. ಇದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಧ್ವನಿಮುದ್ರಣ ಮತ್ತು ಪಠ್ಯ

ಯಕ್ಷಗಾನದ ಮಾತಿಗೆ ಕಲಾಮೌಲ್ಯವಿದೆಯೇ ಎಂಬ ಬಗೆಗೇ ಒಮ್ಮತವಿರಲಿಲ್ಲ. ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಶಿವರಾಮ ಕಾರಂತರು ತಮ್ಮ ರಂಗಪ್ರಯೋಗಗಳಲ್ಲಿ ಮಾತನ್ನೇ ಕೈಬಿಟ್ಟು ಗಾನ ನೃತ್ಯಗಳನ್ನು ಉಳಿಸಿಕೊಂಡರು. ಅದು ಬಯಲಾಟವನ್ನು ದೃಶ್ಯಕಲೆಯೆಂದು ಕಂಡವರ ನಿರ್ಧಾರ, ಅದರ ನೆಲೆಯಲ್ಲಿ ಸುಸಂಗತವಾದುದೇ. ಆದರೆ ತಾಳಮದ್ದಳೆಯಿಂದ ಮಾತನ್ನು ತೆಗೆದರೆ ಉಳಿಯುವುದು ಪ್ರಸಂಗದ ಹಾಡುಗಾರಿಕೆ ಮಾತ್ರ.

ಮೌಖಿಕ ರಚನೆಯ ಅಧ್ಯಯನಕ್ಕೆ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಅವರ ಸೂತ್ರ ಸಿದ್ಧಾಂತವನ್ನು ಅನ್ವಯಿಸುವ ಕ್ರಮ ಕನ್ನಡ ಜಾನಪದ ವಲಯದಲ್ಲಿ ಪರಿಚಿತ. 1930ರ ದಶಕದಲ್ಲಿ ಯುಗೊಸ್ಲಾವಿಯಾದ ಕಥನಗಾಯಕರಿಂದ ಸಂಗ್ರಹಿಸಿದ ಸಾಮಗ್ರಿಯ ಆಧಾರದಿಂದ ಲಾರ್ಡ್ 1960ರಲ್ಲಿ ಪ್ರಕಟಿಸಿದ ಗ್ರಂಥವು, ಗಾಯಕನು ಛಂದಸ್ಸಿಗೆ ಹೊಂದುವ ಸಿದ್ಧ ನುಡಿಗಟ್ಟುಗಳಿಂದ ಹಾಡುತ್ತಲೇ ಕಥೆ ಕಟ್ಟುವ ಬಗೆಯನ್ನು ವಿವರಿಸಿತು. ಅರ್ಥಗಾರಿಕೆಗೆ ಇದನ್ನು ಹಾಗೆಯೇ ಹೊಂದಿಸಲಾಗದು. ಅದು ಗದ್ಯ, ಅದರಲ್ಲಿ ಛಂದಸ್ಸು ಬೇಡುವ ಸಿದ್ಧ ನುಡಿಗಟ್ಟಿನ ಅನಿವಾರ್ಯತೆಯಿಲ್ಲ. ಮಿಗಿಲಾಗಿ ಆ ಗಾಯಕನು ಏಕಾಂಗಿ. ಕೇಳುಗರ ಉತ್ಸಾಹ, ಬೇಸರಗಳಿಗೆ ಅವನು ಸ್ಪಂದಿಸಿಯಾನು, ಆದರೆ ಅವನ ಕಥಾನಾಯಕನನ್ನು ಪ್ರಶ್ನಿಸುವವರು ಪಕ್ಕದಲ್ಲಿ ಕುಳಿತಿರುವುದಿಲ್ಲ.

1976ರಲ್ಲಿ ಆರಂಭವಾದ ಮಂಗಳೂರು ಆಕಾಶವಾಣಿ ಕೇಂದ್ರದ ಪ್ರಸಾರಗಳು, ಅನಂತರ ವ್ಯಾಪಕವಾಗಿ ಮಾರಾಟವಾದ ಧ್ವನಿಸುರುಳಿಗಳು, ಇಂದಿನ ಯೂಟ್ಯೂಬ್ ನೇರಪ್ರಸಾರಗಳು ಈ ಕಲೆಯನ್ನು ಕೂಟದ ಹೊರಗೆ ಒಯ್ದವು. ಅಳಿದುಹೋಗುತ್ತಿದ್ದ ಮಾತು ಉಳಿಯಿತು. ಅದೇ ಕಾಲಕ್ಕೆ ಮಾತಿನ ಸ್ವಭಾವವೂ ಬದಲಾಯಿತು. ಹಿರಿಯರ ಸಂವಾದವನ್ನು ಹತ್ತು ಸಲ ಕೇಳಿದ ಕಿರಿಯ ಅರ್ಥಧಾರಿಗೆ ಯಾವ ಪ್ರಶ್ನೆಗೆ ಯಾವ ಉತ್ತರವೆಂಬುದು ಮೊದಲೇ ಗೊತ್ತು, ಇದಿರು ಕುಳಿತವನಿಗೂ ಗೊತ್ತು, ಕೇಳುಗನಿಗೂ ಗೊತ್ತು. ಆಗ ಕೂಟದಲ್ಲಿ ನಡೆಯುವುದು ಸಂವಾದವಲ್ಲ, ಸಂವಾದದ ಸ್ಮರಣೆ. ಇಡೀ ರಾತ್ರಿಯ ಕೂಟಗಳು ಮೂರು ನಾಲ್ಕು ಗಂಟೆಗಳಿಗೆ ಇಳಿದುದೂ ಇದಕ್ಕೆ ಸೇರಿಕೊಂಡಿದೆ. ಅವಧಿ ಮೊಟಕಾದಾಗ ಸಿದ್ಧವಾದ ಪೀಠಿಕೆ ಉಳಿದುಕೊಳ್ಳುತ್ತದೆ, ಕತ್ತರಿ ಬೀಳುವುದು ಸಂವಾದಕ್ಕೆ.

ಹೀಗಿರುವಾಗ ಹಳೆಯ ಧ್ವನಿಮುದ್ರಣಗಳ ಲಿಪ್ಯಂತರವನ್ನು ಮಾಡುವ ಕ್ರಮದ ಬಗೆಗೆ ಎಚ್ಚರ ಬೇಕು. ಒಬ್ಬ ಕಲಾವಿದನ ಮಾತನ್ನು ಮಾತ್ರ ಆಯ್ದು, ಇದಿರು ಅರ್ಥಧಾರಿಯ ಪ್ರಶ್ನೆಗಳನ್ನು ಸಂಕ್ಷೇಪಿಸಿ ಪ್ರಕಟಿಸಿದರೆ ದೊರೆಯುವುದು ಉತ್ತಮ ಗದ್ಯ, ಆಶುತ್ವ ಅಲ್ಲಿರುವುದಿಲ್ಲ. ಎರಡೂ ಬದಿಯ ಮಾತು, ನಡುವೆ ಬಾಯಿಹಾಕಿದ ಸ್ಥಳ, ಮೌನದ ಅವಧಿ, ಕೇಳುಗರ ನಗೆ, ಹಾಡಿದ ಪದ್ಯದ ರಾಗ, ಬಿಟ್ಟುಬಿಟ್ಟ ಪದ್ಯಗಳು, ಇವನ್ನೆಲ್ಲ ದಾಖಲಿಸುವ ಸಂಪಾದನಾ ಸಂಕೇತಗಳನ್ನು ಕನ್ನಡ ಗ್ರಂಥಸಂಪಾದನೆ ಇನ್ನೂ ರೂಪಿಸಿಕೊಳ್ಳಬೇಕಾಗಿದೆ. ಹಸ್ತಪ್ರತಿಯ ಒಂದು ಅಕ್ಷರ ಲುಪ್ತವಾದರೂ ಗುರುತು ಹಾಕುವ ಶಾಸ್ತ್ರ ಅದು. ಧ್ವನಿಮುದ್ರಣಗಳಲ್ಲಿ ಅರ್ಥಧಾರಿಯ ವಾಕ್ಯ ಮುಗಿಯುವ ಮೊದಲೇ ಭಾಗವತರು ಪದ್ಯವನ್ನು ಎತ್ತಿದ ಸ್ಥಳಗಳು ಸಿಗುತ್ತವೆ. ಕಿವಿಗೊಟ್ಟರೆ ಚೆಂಡೆಯ ಪೆಟ್ಟಿನ ಕೆಳಗೆ ಆ ಅರ್ಧವಾಕ್ಯ ಇನ್ನೂ ಕೇಳುತ್ತಿರುತ್ತದೆ. ಅಚ್ಚಿಗೆ ಸಿದ್ಧಪಡಿಸುವಾಗ ಅದನ್ನು ಪೂರ್ಣಗೊಳಿಸುವ ಇಲ್ಲವೇ ಕೈಬಿಡುವ ಪ್ರವೃತ್ತಿ ಸಹಜ. ಆದರೆ ಆ ರಾತ್ರಿ ಕೂಟದಲ್ಲಿ ಏನಾಯಿತೆಂಬುದಕ್ಕೆ ಉಳಿದಿರುವ ದಾಖಲೆ ಆ ಅರ್ಧವಾಕ್ಯವೇ.